ಮೀನಿನ ತೊಟ್ಟಿಯ ನೀರು ನೋಡುವ ಸಾಮಾನು ಮನೆಯಲ್ಲೇ ಮಾಡಿಕೊಳ್ಳಿ

ಮಾನ್ಯ ಸಂಪಾದಕರೇ,

ಬೇಸಿಗೆ ಕಾಲಿಟ್ಟಿತೆಂದರೆ ನಮ್ಮ ಬಾಗಲಕೋಟೆಯಲ್ಲಿ ಅಕ್ವೇರಿಯಂ ಇಟ್ಟವರ ಮನೆಗಳಿಂದ ಒಂದೇ ಬಗೆಯ ಮಾತು ಕೇಳಿಬರುತ್ತದೆ. ನಿನ್ನೆ ಸಂಜೆ ಆಡಿಕೊಂಡಿದ್ದ ಮೀನು ಬೆಳಿಗ್ಗೆ ಎದ್ದು ನೋಡಿದರೆ ಸತ್ತು ತೇಲುತ್ತಿತ್ತು ಎನ್ನುತ್ತಾರೆ. ಅಂಗಡಿಯಿಂದ ಇನ್ನೊಂದು ಜೋಡಿ ತಂದು ಬಿಡುತ್ತಾರೆ. ಅವೂ ವಾರ ತುಂಬುವುದರೊಳಗೆ ಹೋಗುತ್ತವೆ. ಕೊನೆಗೆ ‘ನಮ್ಮ ಮನೆಗೆ ಮೀನು ಆಗಿಬರುವುದಿಲ್ಲ’ ಎಂದು ತೊಟ್ಟಿಯನ್ನು ಮಾಳಿಗೆಗೆ ಸಾಗಿಸಿಬಿಡುತ್ತಾರೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಮೀನು ಏಕೆ ಸತ್ತಿತೆಂಬುದು ಹೆಚ್ಚಿನ ಸಲ ಐದು ಮಿಲಿಲೀಟರ್ ನೀರಿನಲ್ಲಿ ಗೊತ್ತಾಗಬಹುದಾಗಿತ್ತು.

ನಾನು ಪದವಿ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದು ನಿವೃತ್ತನಾದವನು. ಬ್ಯುರೆಟ್ ತೊಳೆದಿಡುವುದು, ದ್ರಾವಣ ತಯಾರಿಸುವುದು, ವಿದ್ಯಾರ್ಥಿಗಳು ಅಳತೆ ಓದುವಾಗ ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸವಾಗಿತ್ತು. ಈಗ ಮನೆಯಲ್ಲಿ ಗಪ್ಪಿ, ಮೋಲಿ, ಗೋಲ್ಡ್‌ಫಿಶ್ ಸಾಕಿದ್ದೇನೆ. ನೀರು ಪರೀಕ್ಷೆಯ ಕಿಟ್‌ಗಳು ಈಗ ಎಲ್ಲರ ಕೈಗೂ ಸಿಗುತ್ತಿವೆ. ಪ್ರನಾಳದಲ್ಲಿ, ಅಂದರೆ ಸಣ್ಣ ಗಾಜಿನ ಕೊಳವೆಯಲ್ಲಿ, ತೊಟ್ಟಿಯ ನೀರು ತೆಗೆದುಕೊಂಡು ದ್ರಾವಣದ ಹನಿ ಹಾಕಿ, ಬಂದ ಬಣ್ಣವನ್ನು ಕಿಟ್ ಜೊತೆಗಿರುವ ಬಣ್ಣದ ಪಟ್ಟಿಗೆ ಹೋಲಿಸಬೇಕು. ಆದರೆ ಕಿಟ್ ಕೊಂಡವರ ಮನೆಗೆ ಹೋಗಿ ನೋಡಿದರೆ, ನೀರನ್ನು ಅಂದಾಜಿನಲ್ಲಿ ಸುರಿಯುತ್ತಾರೆ, ಬಾಟಲಿಯನ್ನು ಓರೆ ಹಿಡಿದು ಹನಿ ಹಾಕುತ್ತಾರೆ, ಪ್ರನಾಳದ ಬಾಯಿಗೆ ಹೆಬ್ಬೆರಳು ಒತ್ತಿ ಕುಲುಕುತ್ತಾರೆ, ಅಡುಗೆಮನೆಯ ಹಳದಿ ಬಲ್ಬಿನ ಕೆಳಗೆ ಬಣ್ಣ ನೋಡುತ್ತಾರೆ. ಅದೇ ನೀರನ್ನು ಗಂಡ, ಹೆಂಡತಿ, ಮಗ ನೋಡಿದರೆ ಮೂರು ಉತ್ತರ ಬರುತ್ತದೆ. ‘ಈ ಕಿಟ್ ಸುಳ್ಳು’ ಎಂದು ಅದನ್ನೂ ಮೂಲೆಗೆ ಎಸೆಯುತ್ತಾರೆ. ಕಿಟ್‌ನಲ್ಲಿ ದೋಷವಿರುವುದು ಅಪರೂಪ. ಕೈ ಮತ್ತು ಕಣ್ಣಿಗೆ ಆಸರೆಯಾಗುವ ಸಣ್ಣಪುಟ್ಟ ಸಾಮಾನು ಅವರ ಬಳಿ ಇರುವುದಿಲ್ಲ, ಅಷ್ಟೇ. ಅವನ್ನೆಲ್ಲ ಮನೆಯಲ್ಲೇ, ಬಡಗಿಯ ಅಂಗಡಿಯ ತುಂಡು ಮರ ಮತ್ತು ಔಷಧ ಅಂಗಡಿಯ ಸಿರಿಂಜ್‌ನಿಂದ ಮಾಡಿಕೊಳ್ಳಬಹುದು ಎಂದು ಓದುಗರಿಗೆ ತಿಳಿಸಬೇಕೆಂದೇ ಈ ಪತ್ರ.

ಮೊದಲು ನೀರಿನ ವಿಷಯ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಫಿಲ್ಟರ್‌ನಲ್ಲಿ ನೆಲೆಯೂರಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ನಾವು ತೊಟ್ಟಿ ತುಂಬ ಮೀನು ಬಿಟ್ಟಾಗಿರುತ್ತದೆ. ಕಿಟ್ ತೋರಿಸುವ ಅಮೋನಿಯಾ ಒಟ್ಟು ಲೆಕ್ಕ. ಅದರಲ್ಲಿ ಎಷ್ಟು ಪಾಲು ವಿಷವಾಗಿ ಮೀನಿನ ಮೈ ಹೊಕ್ಕುತ್ತದೆ ಎಂಬುದನ್ನು ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದರ ಅಳತೆ) ಮತ್ತು ನೀರಿನ ಬಿಸಿ ನಿರ್ಧರಿಸುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ಶೇ 0.6ರಷ್ಟು, ಪಿಎಚ್ 8 ಆದರೆ ಅದು ಶೇ 5ಕ್ಕೆ ಏರುತ್ತದೆ, 9ಕ್ಕೆ ಮುಟ್ಟಿದರೆ ಮೂರನೇ ಒಂದು ಭಾಗವನ್ನೂ ಮೀರುತ್ತದೆ. ನೀರು 30 ಡಿಗ್ರಿಗೆ ಕಾದರೆ ಪಿಎಚ್ 8ರಲ್ಲೇ ಶೇ 7 ದಾಟುತ್ತದೆ. ಕಾದ ನೀರಿನಲ್ಲಿ ಆಮ್ಲಜನಕ ಕರಗುವುದೂ ಕಡಿಮೆ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಮೀನು ಸಾಯುವುದರ ಹಿಂದೆ ಈ ಎರಡೂ ಇವೆ.

ನಮ್ಮ ಜಿಲ್ಲೆಗೆ ಇನ್ನೂ ಒಂದು ಮಾತು ಸೇರುತ್ತದೆ. ಬಾಗಲಕೋಟೆ, ಲೋಕಾಪುರ, ಮುಧೋಳದ ಸುತ್ತ ನೆಲದಡಿ ಇರುವುದು ಸುಣ್ಣದ ಕಲ್ಲು. ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದರಿಂದಲೇ. ಅದರ ಮೇಲೆ ಕೊರೆದ ಬೋರ್‌ವೆಲ್ ನೀರು ಗಡಸು. ಬೇಳೆ ಬೇಯದು, ಸಾಬೂನಿನ ನೊರೆ ಏಳದು, ಹಂಡೆಯ ಒಳಗೆ ಬಿಳಿಯ ಪೊರೆ ಕಟ್ಟುತ್ತದೆ. ನಳದಲ್ಲಿ ಬರುವುದು ನದಿಯ ನೀರು, ಅಷ್ಟು ಗಡಸಲ್ಲ. ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಲೇಬೇಕು. ಅದು ನಮ್ಮ ಆರೋಗ್ಯಕ್ಕೆ ಬೇಕಾದದ್ದು. ಮೀನಿನ ಕಿವಿರಿಗೆ ಮಾತ್ರ ಅದು ಕೂಡದು. ಒಂದೇ ಮನೆಯಲ್ಲಿ ಬೆಳಿಗ್ಗೆ ನಳದ ನೀರು, ಸಂಜೆ ಬೋರ್ ನೀರು ತೊಟ್ಟಿಗೆ ಸೇರುತ್ತಿರುವಾಗ, ಪರೀಕ್ಷೆ ಮಾಡದೆ ಮೀನು ಸಾಕುವುದು ಕತ್ತಲಲ್ಲಿ ತಡಕಾಡಿದಂತೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಪರೀಕ್ಷೆಯ ದ್ರಾವಣಗಳನ್ನು ಮನೆಯಲ್ಲಿ ತಯಾರಿಸಲು ಹೋಗಬೇಡಿ. ದಾಸವಾಳ, ಅರಿಸಿನ, ಕೆಂಪು ಎಲೆಕೋಸಿನ ರಸದಿಂದ ಪಿಎಚ್ ನೋಡುವುದನ್ನು ಶಾಲೆಯಲ್ಲಿ ಕಲಿಸುತ್ತಾರೆ. ಮಕ್ಕಳಿಗೆ ಅದು ಒಳ್ಳೆಯ ಪಾಠ. ಆದರೆ ಅರಿಸಿನ ಕೆಂಪಾಗಬೇಕಾದರೆ ನೀರು ಸಾಕಷ್ಟು ಕ್ಷಾರವಾಗಿರಬೇಕು. 7 ಮತ್ತು 7.6ರ ನಡುವಿನ ವ್ಯತ್ಯಾಸ ಅದಕ್ಕೆ ಕಾಣುವುದಿಲ್ಲ. ದ್ರಾವಣವನ್ನು ಕೊಂಡುಕೊಳ್ಳಿ, ಅವಧಿ ಮುಗಿಯುವ ದಿನಾಂಕ ನೋಡಿ ಕೊಂಡುಕೊಳ್ಳಿ. ಅದನ್ನು ಬಳಸುವ ಸಾಮಾನು ಮಾತ್ರ ನಿಮ್ಮ ಕೈಯದಾಗಲಿ.

ಪ್ರನಾಳದ ಸ್ಟ್ಯಾಂಡ್ ಇಲ್ಲದೆ ಯಾವ ಪರೀಕ್ಷೆಯೂ ನೆಟ್ಟಗಾಗುವುದಿಲ್ಲ. ಲೋಟದಲ್ಲಿ ಒರಗಿಸಿಟ್ಟ ಪ್ರನಾಳ ಉರುಳಿ ಒಡೆಯುತ್ತದೆ, ಯಾವುದು ಅಮೋನಿಯಾ ಯಾವುದು ನೈಟ್ರೈಟ್ ಎಂಬುದೂ ಮರೆತುಹೋಗುತ್ತದೆ. ಬಡಗಿಯ ಅಂಗಡಿಯಲ್ಲಿ ಬೇವಿನ ಅಥವಾ ಸಾಗುವಾನಿಯ ಗೇಣುದ್ದದ ದಪ್ಪ ತುಂಡು ಕೇಳಿ ತನ್ನಿ. ಪ್ರನಾಳಕ್ಕಿಂತ ಒಂದು ಮಿಲಿಮೀಟರ್ ಅಗಲವಾದ ತೂತುಗಳನ್ನು, ಮರದ ಅರ್ಧಕ್ಕಿಂತ ತುಸು ಆಳಕ್ಕೆ, ಎರಡು ಬೆರಳು ಅಂತರ ಬಿಟ್ಟು ಕೊರೆಸಿ. ತೂತಿನ ತಳದಲ್ಲಿ ಮೊಳೆ ಹೋಗುವಷ್ಟು ಸಣ್ಣ ರಂಧ್ರ ಆರಪಾರ ಇರಲಿ, ಇಲ್ಲವಾದರೆ ನೀರು ನಿಂತು ಮರ ಬೂಷ್ಟು ಹಿಡಿಯುತ್ತದೆ. ತೂತಿನ ಮುಂದೆ ಪೆನ್ಸಿಲಿನಲ್ಲಿ ಪರೀಕ್ಷೆಯ ಹೆಸರು ಬರೆದು ಮೇಲೆ ಮೇಣ ಉಜ್ಜಿದರೆ ಅಳಿಸುವುದಿಲ್ಲ. ಅದೇ ಮರದ ಇನ್ನೊಂದು ಅಂಚಿಗೆ ಬಿದಿರಿನ ಕಡ್ಡಿಗಳನ್ನು ನೆಟ್ಟರೆ ತೊಳೆದ ಪ್ರನಾಳಗಳನ್ನು ಬೋರಲು ಹಾಕಿ ಒಣಗಿಸಬಹುದು. ಹಿಂದಿನ ಪರೀಕ್ಷೆಯ ಒಂದು ಹನಿ ಒಳಗೆ ಉಳಿದರೂ ಮುಂದಿನ ಉತ್ತರ ಕೆಡುತ್ತದೆ.

ಬಣ್ಣ ನೋಡುವ ಪೆಟ್ಟಿಗೆಯ ವಿಚಾರ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಎಲ್ಲರೂ ಎಡವುವುದು ಅಲ್ಲಿ. ಸಾಮಾನ್ಯ ಕಿಟ್‌ಗಳಲ್ಲಿ ಅಮೋನಿಯಾ ಇಲ್ಲದ ನೀರು ಹಳದಿಯಾಗುತ್ತದೆ, ಸ್ವಲ್ಪ ಇದ್ದರೆ ಹಳದಿಗೆ ಹಸಿರಿನ ಛಾಯೆ ಬರುತ್ತದೆ. ಹಳದಿ ಬೆಳಕಿನ ಬಲ್ಬಿನ ಕೆಳಗೆ ಆ ಛಾಯೆ ಕಾಣುವುದೇ ಇಲ್ಲ. ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದ ನನ್ನ ಸೋದರಮಾವ ಎರಡು ಲಡಿ ನೂಲಿನ ಬಣ್ಣ ಕೂಡಿಸಬೇಕಾದರೆ ಎರಡನ್ನೂ ಹಿಡಿದು ಅಂಗಳಕ್ಕೆ ಬರುತ್ತಿದ್ದರು. ಮಗ್ಗದ ಗುಂಡಿಯ ಬಳಿ ಕುಳಿತು ಎಂದೂ ತೀರ್ಮಾನಿಸುತ್ತಿರಲಿಲ್ಲ. ಅದೇ ಕ್ರಮ ಇಲ್ಲಿಗೂ ಬೇಕು. ಆದರೆ ಹಗಲು ಬೆಳಕು ಬೆಳಿಗ್ಗೆ ಒಂದು ಬಗೆ, ಸಂಜೆ ಒಂದು ಬಗೆ. ಹಾಗಾಗಿ ಚಪ್ಪಲಿಯ ರಟ್ಟಿನ ಪೆಟ್ಟಿಗೆಯೊಂದನ್ನು ತೆಗೆದುಕೊಂಡು ಒಳಗೆಲ್ಲ ಹೊಳಪಿಲ್ಲದ ಬಿಳಿಯ ಹಾಳೆ ಅಂಟಿಸಿ. ಮೇಲ್ಭಾಗದಲ್ಲಿ ಅಂಗೈ ಅಗಲ ಕತ್ತರಿಸಿ ಟ್ರೇಸಿಂಗ್ ಹಾಳೆ ಅಂಟಿಸಿ, ಅದರ ಮೇಲೆ ಎಲ್‌ಇಡಿ ದೀಪ ಇಡಿ. ಬಲ್ಬ್ ಕೊಳ್ಳುವಾಗ ಪೊಟ್ಟಣದ ಮೇಲೆ 6500 ಕೆಲ್ವಿನ್ ಎಂದಿದೆಯೇ ನೋಡಿ. ಹಗಲಿನ ಬೆಳಕಿಗೆ ಹತ್ತಿರವಾದದ್ದು ಅದು. ಮುಂಭಾಗದಲ್ಲಿ ಇಣುಕಲು ಒಂದು ಕಿಂಡಿ. ಈಗ ರಾತ್ರಿ ನೋಡಿದರೂ ಹಗಲು ನೋಡಿದರೂ ಒಂದೇ ಬೆಳಕು, ನೀವು ನೋಡಿದರೂ ನಿಮ್ಮ ಮಗಳು ನೋಡಿದರೂ ಒಂದೇ ಬೆಳಕು.

ಪೆಟ್ಟಿಗೆಯೊಳಗೆ ಎರಡು ಪ್ರನಾಳ ಪಕ್ಕಪಕ್ಕದಲ್ಲಿ ನಿಲ್ಲುವ ಹಾಗೆ ಮಾಡಿದರೆ ಇನ್ನೊಂದು ದೊಡ್ಡ ಲಾಭವಿದೆ. ಬೆಟ್ಟಾ ಮೀನು ಸಾಕುವವರು ಕಾಡುಬಾದಾಮಿಯ ಒಣ ಎಲೆ ಹಾಕುತ್ತಾರೆ, ಕೆಲವರು ಮರದ ಬೇರು ಇಡುತ್ತಾರೆ. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ನೀರಿಗೆ ದ್ರಾವಣ ಹಾಕಿದಾಗ ಕಾಣುವ ಬಣ್ಣದಲ್ಲಿ ಎಲೆಯ ಬಣ್ಣವೂ ಬೆರೆತಿರುತ್ತದೆ. ಅದಕ್ಕೆ ಉಪಾಯ ಇಷ್ಟೇ: ದ್ರಾವಣ ಹಾಕಿದ ಪ್ರನಾಳವನ್ನು ಬಿಳಿ ಹಾಳೆಯ ಮುಂದೆ ನಿಲ್ಲಿಸಿ, ತೊಟ್ಟಿಯ ಬರೀ ನೀರು ತುಂಬಿದ ಇನ್ನೊಂದು ಪ್ರನಾಳವನ್ನು ಬಣ್ಣದ ಪಟ್ಟಿಯ ಮುಂದೆ ಇಟ್ಟು, ಅದರ ಮೂಲಕ ಪಟ್ಟಿಯನ್ನು ನೋಡಿ. ಎರಡೂ ಕಡೆ ಎಲೆಯ ಬಣ್ಣ ಸಮನಾಗಿ ಸೇರಿಕೊಳ್ಳುವುದರಿಂದ ಹೋಲಿಕೆ ಸರಿಹೋಗುತ್ತದೆ. ಪ್ರಯೋಗಾಲಯದ ದುಬಾರಿ ಉಪಕರಣಗಳಲ್ಲೂ ಇದೇ ತತ್ವ ಇದೆ. ನಮಗೆ ಅದು ರಟ್ಟಿನ ಪೆಟ್ಟಿಗೆಯಲ್ಲೇ ದಕ್ಕುತ್ತದೆ.

ಇನ್ನು ಅಳತೆ. ಪ್ರನಾಳದ ಮೇಲಿನ ಗೆರೆಯವರೆಗೆ ನೀರು ಸುರಿಯುವಾಗ ಒಂದು ಮಿಲಿಲೀಟರ್ ಹೆಚ್ಚುಕಡಿಮೆ ಆಗುವುದು ಸುಲಭ. ಐದರಲ್ಲಿ ಒಂದು ಎಂದರೆ ಶೇ 20ರಷ್ಟು ಅಂತರ. ಔಷಧ ಅಂಗಡಿಯಲ್ಲಿ ಐದು ಮಿಲಿಲೀಟರ್‌ನ ಸಿರಿಂಜ್ ಕೊಂಡು, ಸೂಜಿ ತೆಗೆದು ಸುರಕ್ಷಿತವಾಗಿ ಹೊರಹಾಕಿ, ಬರೀ ಸಿರಿಂಜ್ ಇಟ್ಟುಕೊಳ್ಳಿ. ಅದರ ತುದಿಗೆ ಗಾಳಿಯ ಪಂಪಿನ ನಳಿಕೆ ಜೋಡಿಸಿ, ನಳಿಕೆಯನ್ನು ಬಿದಿರು ಕಡ್ಡಿಗೆ ದಾರದಿಂದ ಕಟ್ಟಿದರೆ ತೊಟ್ಟಿಯ ತಳದಿಂದ, ಕಲ್ಲುಗಳ ಸಂದಿಯಿಂದಲೂ ನೀರು ಎಳೆಯಬಹುದು. ಮೊದಲು ಎಳೆದ ನೀರನ್ನು ಚೆಲ್ಲಿಬಿಡಬೇಕು, ನಳಿಕೆಯಲ್ಲಿದ್ದ ಹಳೆಯ ನೀರು ಅದು. ಈ ಸಿರಿಂಜ್ ಮೀನಿನ ಕೆಲಸಕ್ಕೇ ಮೀಸಲು. ಕೆಂಪು ದಾರ ಕಟ್ಟಿ, ಮಕ್ಕಳಿಗೆ ಔಷಧ ಕುಡಿಸುವ ಸಿರಿಂಜ್ ಜೊತೆ ಎಂದೂ ಇಡಬೇಡಿ.

ಗಡಸುತನದ ಪರೀಕ್ಷೆಯಲ್ಲಿ ಈ ಸಿರಿಂಜ್ ನಮ್ಮ ಜಿಲ್ಲೆಯವರಿಗೆ ಹಣವನ್ನೂ ಉಳಿಸುತ್ತದೆ. ಈ ಪರೀಕ್ಷೆಯಲ್ಲಿ ಐದು ಮಿಲಿಲೀಟರ್ ನೀರಿಗೆ ಹನಿ ಹನಿಯಾಗಿ ದ್ರಾವಣ ಹಾಕುತ್ತಾ ಬಣ್ಣ ಬದಲಾಗುವವರೆಗೆ ಎಣಿಸಬೇಕು. ಒಂದು ಹನಿ ಎಂದರೆ ಒಂದು ಡಿಗ್ರಿ, ಅಂದರೆ ಲೀಟರಿಗೆ 17.9 ಮಿಲಿಗ್ರಾಂ ಗಡಸುತನ. ಕುಡಿಯುವ ನೀರಿಗೆ ಅಪೇಕ್ಷಿತ ಮಿತಿ 200 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು ಎಂದು ಮಾನಕ ಹೇಳುತ್ತದೆ. 600 ಇರುವ ಬೋರ್ ನೀರಿಗೆ ಮೂವತ್ತಕ್ಕೂ ಹೆಚ್ಚು ಹನಿ ಬೇಕಾಗುತ್ತದೆ. ಎಣಿಕೆ ತಪ್ಪುತ್ತದೆ, ಬಾಟಲಿ ಬೇಗ ಬರಿದಾಗುತ್ತದೆ. ಅಂತಹ ಕಡೆ ಎರಡೂವರೆ ಮಿಲಿಲೀಟರ್ ನೀರು ಮಾತ್ರ ತೆಗೆದುಕೊಂಡು, ಒಂದು ಹನಿಯನ್ನು ಎರಡು ಡಿಗ್ರಿ ಎಂದು ಎಣಿಸಿ. ನದಿಯ ನೀರಿನಂತಹ ಮೆದು ನೀರಿಗೆ ಹತ್ತು ಮಿಲಿಲೀಟರ್ ತೆಗೆದುಕೊಂಡರೆ ಒಂದು ಹನಿ ಅರ್ಧ ಡಿಗ್ರಿ. ಉತ್ತರ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಉತ್ತರ ಬಂದ ಮೇಲೆ ಗಡಸು ನೀರಿನೊಂದಿಗೆ ಗುದ್ದಾಡುವ ಅಗತ್ಯವೂ ಇಲ್ಲ. ಗಪ್ಪಿ, ಮೋಲಿ ಗಡಸು ನೀರಿನಲ್ಲಿ ಚೆನ್ನಾಗಿಯೇ ಬಾಳುತ್ತವೆ. ಮೆದು ನೀರು ಬೇಡುವ ನಿಯಾನ್ ಟೆಟ್ರಾವನ್ನು ಬೋರ್ ನೀರಿಗೆ ಬಿಟ್ಟು ಸಾಯಿಸುವುದಕ್ಕಿಂತ ನಮ್ಮ ನೀರಿಗೆ ಒಗ್ಗುವ ಮೀನನ್ನೇ ಸಾಕುವುದು ಲೇಸು.

ಹನಿ ಎಣಿಸುವಲ್ಲಿ ಹನಿಗಳೆಲ್ಲ ಒಂದೇ ಗಾತ್ರ ಇರಬೇಕಲ್ಲವೇ? ಬಾಟಲಿಯನ್ನು ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ನನ್ನ ಹಿರಿಯ ಮಿತ್ರರೊಬ್ಬರಿಗೆ ಕೈ ನಡುಗುತ್ತದೆ. ಅವರಿಗಾಗಿ ಪಿವಿಸಿ ಪೈಪಿನ ತುಂಡೊಂದನ್ನು ಉದ್ದಕ್ಕೆ ಸೀಳಿ, ಅರ್ಧ ಪೈಪನ್ನು ಸ್ಟ್ಯಾಂಡಿನ ಹಿಂದೆ ನೆಟ್ಟಗೆ ನಿಲ್ಲಿಸಿ ಸ್ಕ್ರೂ ಹಾಕಿಕೊಟ್ಟೆ. ಬಾಟಲಿಯನ್ನು ತಲೆಕೆಳಗಾಗಿ ಅದಕ್ಕೆ ಒರಗಿಸಿ ಒತ್ತಿದರೆ ಹನಿ ನೇರವಾಗಿ ಪ್ರನಾಳಕ್ಕೇ ಬೀಳುತ್ತದೆ. ಈಗ ಅವರು ಯಾರ ಸಹಾಯವೂ ಇಲ್ಲದೆ ಪರೀಕ್ಷೆ ಮಾಡುತ್ತಾರೆ. ಮನೆಯಲ್ಲಿ ಮಾಡಿದ ಸಾಮಾನಿನ ಗುಣವೇ ಇದು, ಬಳಸುವವರ ಕೈಗೆ ತಕ್ಕಂತೆ ಅದನ್ನು ಮಾಡಬಹುದು.

ಪ್ರನಾಳದ ಮುಚ್ಚಳಗಳು ಕಳೆದುಹೋದರೆ ರಬ್ಬರ್ ಬಿರಡೆ ತನ್ನಿ. ಹೆಬ್ಬೆರಳು ಬೇಡವೇ ಬೇಡ. ಬೆರಳಿನ ಬೆವರು ಅಮೋನಿಯಾ ಪರೀಕ್ಷೆಯನ್ನು ಕೆಡಿಸುತ್ತದೆ. ದ್ರಾವಣಗಳಲ್ಲಿ ಕೆಲವು ಪ್ರಬಲ ಆಮ್ಲ, ಕೆಲವು ಪ್ರಬಲ ಕ್ಷಾರ, ಚರ್ಮ ಸುಡುತ್ತವೆ. ನೈಟ್ರೇಟ್ ಪರೀಕ್ಷೆಯ ಎರಡನೆಯ ಬಾಟಲಿಯ ತಳದಲ್ಲಿ ಪುಡಿ ಗಟ್ಟಿಯಾಗಿ ಕೂರುತ್ತದೆ. ಅದನ್ನು ಅರ್ಧ ನಿಮಿಷ ಬಿಡದೆ ಕುಲುಕದಿದ್ದರೆ ನೀರಿನಲ್ಲಿ ನೈಟ್ರೇಟ್ ತುಂಬಿದ್ದರೂ ಕಿಟ್ ಕಡಿಮೆ ತೋರಿಸುತ್ತದೆ. ಸಮಯಕ್ಕೆ ಮೊಬೈಲ್ ಗಡಿಯಾರ ಸಾಕು.

ಕಿಟ್ ನಂಬಬಹುದೇ ಎಂದು ಕೇಳುವವರಿಗೆ ಒಂದು ತಾಳೆ ನೋಡುವ ದಾರಿ ಹೇಳುತ್ತೇನೆ. ಕಾಲೇಜಿನಲ್ಲಿ ದಿನವೂ ಮಾಡುತ್ತಿದ್ದ ಕೆಲಸ ಇದು. ನೀರಿನ ಕಾರ್ಬೊನೇಟ್ ಗಡಸುತನ (ಕರಗಿದ ಕಾರ್ಬೊನೇಟ್, ಬೈಕಾರ್ಬೊನೇಟ್‌ಗಳ ಅಳತೆ; ಮೇಲೆ ಹೇಳಿದ ಗಡಸುತನ ಬೇರೆ) ನೋಡುವ ಕಿಟ್‌ಗೆ ಅಡುಗೆ ಸೋಡಾವೇ ಅಳತೆಗೋಲು. ಅಕ್ಕಸಾಲಿಗರ ತಕ್ಕಡಿಯಲ್ಲಿ ಮೂರು ಗ್ರಾಂ ಸೋಡಾ ತೂಗಿಸಿಕೊಂಡು ಬನ್ನಿ. ಬೇಕಿಂಗ್ ಪೌಡರ್ ಬೇಡ, ಅದರಲ್ಲಿ ಬೇರೆ ವಸ್ತು ಬೆರೆತಿರುತ್ತದೆ. ಸೋಡಾವನ್ನು ಒಂದು ಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ. ಅದರಿಂದ 100 ಮಿಲಿಲೀಟರ್ ತೆಗೆದು, ಅಂಥದೇ ನೀರು ಸೇರಿಸಿ ಒಂದು ಲೀಟರ್ ಮಾಡಿ. ಈಗ ಲೀಟರಿಗೆ 300 ಮಿಲಿಗ್ರಾಂ ಸೋಡಾ ಇರುವ ಈ ನೀರಿನ ಕಾರ್ಬೊನೇಟ್ ಗಡಸುತನ ಸರಿಯಾಗಿ 10 ಡಿಗ್ರಿ. ಕಿಟ್ ಹತ್ತನೆಯ ಹನಿಗೆ ಬಣ್ಣ ಬದಲಿಸಿದರೆ ಕಿಟ್ ಸರಿ, ನಿಮ್ಮ ಕೈಯೂ ಸರಿ. ಹನ್ನೆರಡು ಹನಿ ಹಿಡಿದರೆ ದ್ರಾವಣ ಹಳತಾಗಿದೆ ಅಥವಾ ಹನಿ ಸಣ್ಣದಾಗುತ್ತಿದೆ ಎಂದು ತಿಳಿಯಿರಿ. ಅಮೋನಿಯಾ ಕಿಟ್‌ಗೆ ಭಟ್ಟಿ ಇಳಿಸಿದ ನೀರಿನಲ್ಲಿ ಒಮ್ಮೆ ಪರೀಕ್ಷೆ ಮಾಡಿ ನೋಡಿ, ಸೊನ್ನೆ ಬರಲೇಬೇಕು.

ಬಂದ ಉತ್ತರವನ್ನು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆದಿಡಿ. ದ್ರಾವಣಗಳನ್ನು ಮಕ್ಕಳ ಕೈಗೆ ಎಟುಕದ ಬೀರುವಿನಲ್ಲಿ ಇಡಿ. ಪರೀಕ್ಷೆಯ ನೀರನ್ನು ಮರಳಿ ತೊಟ್ಟಿಗೆ ಸುರಿಯದೆ, ಹೇರಳ ನೀರಿನೊಂದಿಗೆ ಬಚ್ಚಲಿಗೆ ಬಿಡಿ.

ಅಲಂಕಾರಿಕ ಮೀನು ಮಾರುವ ಅಂಗಡಿಯವರಲ್ಲಿ ನನ್ನದೊಂದು ಕಳಕಳಿಯ ವಿನಂತಿ. ‘ಮೀನು ಸತ್ತಿತು’ ಎಂದು ಬಂದವರಿಗೆ ನೀಲಿ ಔಷಧದ ಬಾಟಲಿಯನ್ನೋ ಹೊಸ ಮೀನನ್ನೋ ಕಟ್ಟಿಕೊಡುವ ಮೊದಲು, ‘ತೊಟ್ಟಿಯ ನೀರು ಒಂದು ಬಾಟಲಿ ತನ್ನಿ’ ಎಂದು ಹೇಳಿ. ಗಲ್ಲೆಯ ಪಕ್ಕದಲ್ಲಿ ಒಂದು ಸ್ಟ್ಯಾಂಡ್, ಒಂದು ಬೆಳಕಿನ ಪೆಟ್ಟಿಗೆ ಇರಲಿ. ಗಿರಾಕಿಯ ಎದುರಿಗೇ ನೀರು ನೋಡಿ ಹೇಳಿದರೆ ಅವರ ವಿಶ್ವಾಸ ಗಳಿಸುತ್ತೀರಿ. ಪ್ಲಾಸ್ಟಿಕ್ ಚೀಲದಲ್ಲಿ ಉಸಿರು ಬಿಗಿಹಿಡಿದು ಮನೆಗೆ ಹೋಗುವ ಆ ಜೀವಗಳ ಹೊಣೆ ಮಾರುವವರದೂ ಹೌದು.

ಇದು ಅಕ್ವೇರಿಯಂ ಇಟ್ಟವರ ಹವ್ಯಾಸಕ್ಕಷ್ಟೇ ಸಂಬಂಧಿಸಿದ್ದಲ್ಲ ಎಂಬುದನ್ನೂ ಹೇಳಬೇಕು. ಜಲಜೀವನ ಮಿಷನ್ 2019ರಲ್ಲಿ ಆರಂಭವಾದ ಬಳಿಕ ಪ್ರತಿ ಹಳ್ಳಿಯಲ್ಲಿ ಐದು ಮಹಿಳೆಯರಿಗೆ ಕುಡಿಯುವ ನೀರು ಪರೀಕ್ಷಿಸುವ ತರಬೇತಿ ಕೊಟ್ಟು, ಕ್ಷೇತ್ರ ಪರೀಕ್ಷಾ ಕಿಟ್ ಒದಗಿಸುವ ವ್ಯವಸ್ಥೆ ಬಂದಿದೆ. ಆ ಕಿಟ್‌ನಲ್ಲೂ ಹನಿ ಎಣಿಸಬೇಕು, ಬಣ್ಣ ಹೋಲಿಸಬೇಕು. ಕೈಪಂಪಿನ ಕಟ್ಟೆಯ ಮೇಲೆ, ಬಿರುಬಿಸಿಲಿನಲ್ಲಿ, ಕೂಡಲು ಜಾಗವಿಲ್ಲದೆ ಆ ತಾಯಂದಿರು ಈ ಕೆಲಸ ಮಾಡಬೇಕಾಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು ಎಂಬ ನಿಯಮವಿದ್ದು, ಆ ಗೆರೆಯ ಆಚೆಯೋ ಈಚೆಯೋ ಎಂಬುದನ್ನು ಹಳ್ಳಿಯಲ್ಲಿ ಮೊದಲು ಕಾಣುವುದು ಅವರ ಕಣ್ಣು. ಅವರಿಗೂ ಒಂದು ಮರದ ಸ್ಟ್ಯಾಂಡ್, ಒಂದು ಬಿಳಿ ಪೆಟ್ಟಿಗೆ, ಒಂದು ಸಿರಿಂಜ್ ಬೇಕು.

ಆದ್ದರಿಂದ ಜಿಲ್ಲೆಯ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರನ್ನು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ. ವಿಜ್ಞಾನ ವಸ್ತುಪ್ರದರ್ಶನ ಎಂದರೆ ಪ್ರತಿವರ್ಷ ಥರ್ಮೊಕೋಲಿನ ಜ್ವಾಲಾಮುಖಿಯೇ ಆಗಬೇಕೆಂದಿಲ್ಲ. ಈ ಜೂನ್‌ನಲ್ಲಿ ಶಾಲೆ ತೆರೆದಾಗ ಎಂಟನೆಯ ತರಗತಿಯ ಮಕ್ಕಳಿಂದ ಎರಡು ಸೆಟ್ ಮಾಡಿಸಿ. ಒಂದು ಸೆಟ್ ಶಾಲೆಯ ಮೀನಿನ ತೊಟ್ಟಿಯ ಪಕ್ಕದಲ್ಲಿರಲಿ. ತೊಟ್ಟಿ ಇಲ್ಲದಿದ್ದರೆ ಹತ್ತು ಗಪ್ಪಿಗಳಿಗೆ ಸಾಲುವ ಒಂದು ಸಣ್ಣ ಗಾಜಿನ ತೊಟ್ಟಿ ಇಡಿಸಿ. ಇನ್ನೊಂದನ್ನು ಮಕ್ಕಳೇ ತಮ್ಮ ಗ್ರಾಮ ಪಂಚಾಯಿತಿಗೆ ಒಯ್ದು, ನೀರು ಪರೀಕ್ಷಿಸುವ ಮಹಿಳೆಯರ ಕೈಗೆ ಕೊಟ್ಟು, ಬಳಸುವ ಕ್ರಮ ತೋರಿಸಿ ಬರಲಿ. ತೂತಿನ ಅಳತೆ ಕೊಡಲು, ಸೋಡಾ ದ್ರಾವಣ ತಯಾರಿಸಿ ತೋರಿಸಲು ನವನಗರದ ಸುತ್ತಮುತ್ತಲ ಯಾವ ಶಾಲೆ ಕರೆದರೂ ನಾನು ನನ್ನ ಪೆಟ್ಟಿಗೆ ಹಿಡಿದು ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ಸಹಾಯಕ, ನವನಗರ, ಬಾಗಲಕೋಟೆ